ಗರಿಗರಿ ಬಿಸ್ಕತ್ತೋ, ಮೆತ್ತನೆಯ ತಿನಿಸೋ?

ನಾಯಿಗಳಿಗೆ ವಿಶೇಷ ತಿನಿಸು ತಯಾರಿಸಿ ಮಾರುವ ಸಣ್ಣ ಉದ್ಯಮವನ್ನು ಆರಂಭಿಸುವವರು ಮೊದಲು ತೇವಾಂಶದ ಬಗ್ಗೆ ನಿರ್ಧರಿಸಬೇಕು.

ಗರಿಗರಿ ಬಿಸ್ಕತ್ತನ್ನು ಬೇಯಿಸಿದ ಮೇಲೆ ಓವನ್‌ನ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಬೇಕಾಗುವುದರಿಂದ ಸಮಯವೂ ವಿದ್ಯುತ್ತೂ ಹೆಚ್ಚು ಖರ್ಚಾಗುತ್ತವೆ. ಆದರೆ ಜಲಚಟುವಟಿಕೆ, ಅಂದರೆ ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರಿನ ಅಳತೆ, 0.6ಕ್ಕಿಂತ ಕೆಳಗಿಳಿದರೆ ಬೂಷ್ಟು ಬೆಳೆಯಲಾರದು. ಗಾಳಿಯಾಡದ ಪೊಟ್ಟಣದಲ್ಲಿ ಇಂಥ ಬಿಸ್ಕತ್ತು ತಿಂಗಳುಗಟ್ಟಲೆ ಉಳಿಯುತ್ತದೆ. ಮುರಿದಾಗ ಟಪ್ಪೆಂದು ಸದ್ದಾಗಬೇಕು. ನಡುಭಾಗ ಬೆರಳಿಗೆ ಮೆತ್ತಗೆ ತಗುಲಿದರೆ ಆ ತಟ್ಟೆಯನ್ನು ಮತ್ತೆ ಓವನ್‌ಗೆ ಇಡಲೇಬೇಕು. ಒಬ್ಬರೇ ದುಡಿಯುವುದಾದರೆ ಬಿಸ್ಕತ್ತಿನಿಂದಲೇ ಆರಂಭಿಸುವುದು ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೆತ್ತನೆಯ ತಿನಿಸು ಹಲ್ಲು ಸವೆದ ಮುದಿ ನಾಯಿಗಳಿಗೂ, ತರಬೇತಿಯಲ್ಲಿ ಚೂರುಚೂರಾಗಿ ಕೊಡುವುದಕ್ಕೂ ಬಹಳ ಅನುಕೂಲ. ಸಂರಕ್ಷಕವಿಲ್ಲದೆ ಮಾಡಿದರೆ ಫ್ರಿಜ್‌ನಲ್ಲಿಯೇ ಇಡಬೇಕು, ಅಲ್ಲಿಯೂ ಕೆಲವೇ ದಿನ. ಆದ್ದರಿಂದ ಆರ್ಡರ್ ಬಂದ ಮೇಲೆ ತಯಾರಿಸಿ ಹತ್ತಿರದಲ್ಲೇ ತಲುಪಿಸುವವರಿಗೆ ಇದು ಒಪ್ಪುತ್ತದೆ, ದೂರಕ್ಕೆ ಕಳುಹಿಸುವವರಿಗಲ್ಲ.

ಎರಡರಲ್ಲೂ ಚಾಕೊಲೇಟ್, ಒಣದ್ರಾಕ್ಷಿ, ಈರುಳ್ಳಿಗಳು ಸರ್ವಥಾ ಕೂಡದು. ಶೇಂಗಾ ಬೆಣ್ಣೆ ಕೊಳ್ಳುವಾಗ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಕ್ಸಿಲಿಟಾಲ್ ಇಲ್ಲವೆಂಬುದನ್ನು ಪ್ರತಿ ಬಾರಿಯೂ ಓದಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಆ ಸಿಹಿಕಾರಕವು ಅಲ್ಪ ಪ್ರಮಾಣದಲ್ಲಿದ್ದರೂ ನಾಯಿಯ ಪ್ರಾಣಕ್ಕೆ ಎರವಾಗಬಹುದು.