ಕೇದಾರನಾಥಕ್ಕೆ ಹೆಲಿಕಾಪ್ಟರ್ ಟಿಕೆಟ್ ಮಾಡಿಸುವವರೇ, ದಯವಿಟ್ಟು ಇದನ್ನು ಓದಿ

ವಿಷಯ ಮೊದಲೇ ಹೇಳಿಬಿಡುತ್ತೇನೆ. ಉತ್ತರಾಖಂಡದ ಗುಪ್ತಕಾಶಿ, ಫಾಟಾ, ಸಿರ್ಸಿಯಿಂದ (ನಮ್ಮ ಶಿರಸಿ ಅಲ್ಲ) ಕೇದಾರಕ್ಕೆ ಹಾರುವ ಹೆಲಿಕಾಪ್ಟರ್‌ನ ಟಿಕೆಟ್ ಆನ್‌ಲೈನಲ್ಲಿ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟಿನಲ್ಲಿ ಮಾತ್ರ. ವಾಟ್ಸಾಪಿನಲ್ಲಿ ಟಿಕೆಟ್ ಕೊಡುತ್ತೇನೆ ಎನ್ನುವವರು ಯಾರೇ ಆಗಲಿ, ಒಂದು ರೂಪಾಯಿ ಕೂಡ ಹಾಕಬೇಡಿ.

ನಮ್ಮ ಅಮ್ಮನಿಗೆ ಕೇದಾರ ನೋಡಬೇಕೆನ್ನುವುದು ಬಹಳ ವರ್ಷದ ಆಸೆ. ನಮ್ಮ ಕಡೆ ವೀರಶೈವರ ಮನೆಗಳಲ್ಲಿ ಇದು ಹೊಸದೇನಲ್ಲ. ಕೇದಾರಪೀಠ ಪಂಚಪೀಠಗಳಲ್ಲೊಂದು, ಅಲ್ಲಿನ ರಾವಲರು, ಅಂದರೆ ಮುಖ್ಯ ಧರ್ಮಗುರುಗಳು, ವೀರಶೈವ ಜಂಗಮರು. ಆದರೆ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಏರುದಾರಿ, ಮೇಲೆ ಹೋದರೆ 11,700 ಅಡಿ ಎತ್ತರ. ನಡೆಯುವ ಮಾತೇ ಇಲ್ಲ, ಕುದುರೆಯೂ ಬೇಡ ಎಂದು ಡಾಕ್ಟರ್ ಹೇಳಿದ್ದರು. ಉಳಿದಿದ್ದು ಹೆಲಿಕಾಪ್ಟರ್ ಒಂದೇ.

ಐಆರ್‌ಸಿಟಿಸಿಯಲ್ಲಿ ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ಸೀಟು ಖಾಲಿ. 2023ರಲ್ಲಿ ಕೇದಾರವೊಂದಕ್ಕೇ 19 ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದಾರೆ. ಅಷ್ಟು ಜನಕ್ಕೆ ಸಾಲುವಷ್ಟು ಹೆಲಿಕಾಪ್ಟರ್ ಎಲ್ಲಿಂದ ಬರಬೇಕು? ಸೀಟಿಗಾಗಿ ಹಪಹಪಿಸುವ ಈ ಜನರನ್ನೇ ಕಳ್ಳರು ಕಾಯುತ್ತಾ ಕೂತಿರುತ್ತಾರೆ.

ಭಾವ ಗೂಗಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದಿದ್ದು ಒಂದು ಜಾಹೀರಾತು. ಒತ್ತಿದರೆ ದೇವಸ್ಥಾನದ ಫೋಟೊ, ಸರ್ಕಾರದ ಲಾಂಛನ, ಕೆಳಗೆ ವಾಟ್ಸಾಪ್ ನಂಬರ್. ಆ ಕಡೆಯವನು ಮಾತು ಶುರು ಮಾಡಿದ್ದೇ 'ಜೈ ಬಾಬಾ ಕೇದಾರ್' ಎಂದು. ಅಮ್ಮನ ವಯಸ್ಸು, ಮಂಡಿನೋವು ಎಲ್ಲ ವಿಚಾರಿಸಿ, "ಮಾತಾಜಿಗೆ ಮುಂದಿನ ಸೀಟೇ ಕೊಡಿಸುತ್ತೇನೆ" ಎಂದ. ಮೂವರಿಗೆ 19,500 ರೂಪಾಯಿ. 2025ರಲ್ಲಿ ಸಿರ್ಸಿಯಿಂದ ಹೋಗಿಬರಲು ನಿಜವಾದ ದರವೇ ತಲೆಗೆ ಆರು ಸಾವಿರದ ಆಸುಪಾಸು ಇತ್ತು. ತೀರಾ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ಅನುಮಾನ ಬರಲು ಎಡೆಯೇ ಇರಲಿಲ್ಲ. ಮೂವರ ಆಧಾರ್ ಕಾರ್ಡಿನ ಫೋಟೊ ಕೇಳಿದ, ಕಳಿಸಿದೆವು. ಅರ್ಧ ಗಂಟೆಗೆ ಪಿಡಿಎಫ್ ಟಿಕೆಟ್ ಬಂತು. ಕ್ಯೂಆರ್ ಕೋಡ್, ಪಿಎನ್‌ಆರ್, ಹಾರುವ ಸಮಯ ಎಲ್ಲ ಇತ್ತು. ಹೊರಡುವ ಹಿಂದಿನ ದಿನ ಮತ್ತೆ ಫೋನ್: ತಲೆಗೆ 3,000 ಇನ್ಶೂರೆನ್ಸ್ ಕಟ್ಟಬೇಕು, ಯಾತ್ರೆ ಮುಗಿದ ಮೇಲೆ ವಾಪಸ್ ಬರುತ್ತದೆ ಎಂದ. ಅದನ್ನೂ ಹಾಕಿದ್ದಾಯಿತು.

ಸಿರ್ಸಿಯ ಹೆಲಿಪ್ಯಾಡಿನಲ್ಲಿ ಕೌಂಟರಿನ ಹುಡುಗ ನಮ್ಮ ಟಿಕೆಟ್ ಸ್ಕ್ಯಾನ್ ಕೂಡ ಮಾಡಲಿಲ್ಲ. ಅದರಲ್ಲಿದ್ದ ಯಾತ್ರಾ ರಿಜಿಸ್ಟ್ರೇಷನ್ ನಂಬರಿನ ಮೇಲೆ ಬೆರಳಿಟ್ಟು, "ಇದು ನಿಮ್ಮದೇನಾ?" ಎಂದು ಕೇಳಿದ. ಫೋನ್ ತೆಗೆದು ನೋಡಿದರೆ ನಮ್ಮ ನಂಬರೇ ಬೇರೆ. ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು, ಅಭಿಷೇಕಕ್ಕೆಂದು ಊರಿಂದ ತಂದ ವಿಭೂತಿ, ಬಿಲ್ವಪತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಇನ್ನೆಷ್ಟು ಹೊತ್ತಪ್ಪಾ?" ಎಂದು ನನ್ನನ್ನು ಕೇಳಿದರು. ಪಕ್ಕದಲ್ಲೇ ರಾಜಸ್ಥಾನದ ಒಂದು ಕುಟುಂಬ. ಅವರ ಕೈಯಲ್ಲೂ ಅಂಥದೇ ಟಿಕೆಟ್. ಅಮ್ಮ ಚಳಿಗಾಲದಲ್ಲಿ ಕೇದಾರನ ಪೂಜೆ ನಡೆಯುವ ಉಖೀಮಠದ ಓಂಕಾರೇಶ್ವರನಿಗೆ ಕೈಮುಗಿದು ವಾಪಸ್ ಬಂದರು. ಅವರ ವಯಸ್ಸಿಗೆ ಇನ್ನೊಂದು ಸಲ ಅಷ್ಟು ದೂರ ಕರೆದೊಯ್ಯುವುದು ಸುಲಭವಲ್ಲ. ಹಣಕ್ಕಿಂತ ನನಗೆ ಸಂಕಟ ಆಗುವುದು ಅದಕ್ಕೇ.

ಆ ಹುಡುಗ ಬೆರಳಿಟ್ಟ ಜಾಗವನ್ನು ನೀವೂ ನೆನಪಿಡಿ. ಮೊದಲು ಉತ್ತರಾಖಂಡ ಸರ್ಕಾರದ ತಾಣದಲ್ಲಿ ಚಾರ್‌ಧಾಮ್ ಯಾತ್ರೆಗೆ ರಿಜಿಸ್ಟ್ರೇಷನ್ ಆಗಬೇಕು. ಆ ನಂಬರ್ ಹಾಕದೆ ಐಆರ್‌ಸಿಟಿಸಿಯಲ್ಲಿ ಹೆಲಿಕಾಪ್ಟರ್ ಬುಕ್ ಆಗುವುದೇ ಇಲ್ಲ. ನಮ್ಮ ಹತ್ತಿರ ಆಧಾರ್ ಕೇಳಿದವನು ರಿಜಿಸ್ಟ್ರೇಷನ್ ನಂಬರ್ ಕೇಳಲೇ ಇಲ್ಲ. ಹಣ ಹೋಗಿದ್ದು ಕೂಡ ಯಾರೋ ಒಬ್ಬ ವ್ಯಕ್ತಿಯ ಯುಪಿಐ ಖಾತೆಗೆ. ಹಾಗಂತ ನಂಬರ್ ಕೇಳಿದವರೆಲ್ಲ ಸಾಚಾ ಎಂದಲ್ಲ. ನೀವೇ ಲಾಗಿನ್ ಆಗಿ ಮಾಡಿದ ಬುಕಿಂಗ್ ಅಷ್ಟೇ ನಿಮ್ಮದು.

ಇಂಥ ನಕಲಿ ತಾಣಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು. ಕೇದಾರದ ಹೆಲಿಕಾಪ್ಟರ್ ಮಾತ್ರವಲ್ಲ, ಸೋಮನಾಥದ ವಸತಿಗೃಹದ ಹೆಸರಿನಲ್ಲೂ ಇದೇ ಮೋಸ ನಡೆಯುತ್ತಿದೆ ಎಂದು ಅದರಲ್ಲಿತ್ತು. ಆದರೆ ನಮ್ಮ ಊರಿನವರಿಗೆ ಆ ಮಾತು ಎಲ್ಲಿ ತಲುಪಿದೆ? ಯಾತ್ರೆಗೆ ಬನ್ನಿ ಎನ್ನುವ ಜಾಹೀರಾತು ಎಲ್ಲ ಕಡೆ ಕಾಣುತ್ತದೆ, ಎಚ್ಚರಿಕೆ ಮಾತ್ರ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ದುಡ್ಡು ತಗೊಂಡು ಕಳ್ಳರ ಜಾಹೀರಾತನ್ನು ಎಲ್ಲಕ್ಕಿಂತ ಮೇಲೆ ತೋರಿಸುವವರೂ ಉತ್ತರ ಕೊಡಬೇಕು.

ಮೋಸ ಆಗಿದೆ ಎಂದು ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರು ಕೊಡಲು ಊರಿಗೆ ಬರುವವರೆಗೆ ಕಾಯಬೇಡಿ. ನಾವು ಹೆಲಿಪ್ಯಾಡಿನಿಂದಲೇ ಮಾಡಿದೆವು. ಇನ್ಶೂರೆನ್ಸ್ ಎಂದು ಹಾಕಿದ 9,000 ಇನ್ನೂ ಆ ಖಾತೆಯಲ್ಲೇ ಇತ್ತು, ಅದನ್ನು ತಡೆಹಿಡಿದರು. ಟಿಕೆಟ್ಟಿನ ಹಣ ಆಗಲೇ ಬೇರೆ ಬೇರೆ ಖಾತೆಗಳಿಗೆ ಹೋಗಿಯಾಗಿತ್ತು. ಯುಪಿಐ ವ್ಯವಹಾರದ ನಂಬರ್, ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಸಿಟ್ಟಿನಲ್ಲಿ ಅಳಿಸಬೇಡಿ. ಆಧಾರ್ ಪ್ರತಿ ಕೊಟ್ಟಿದ್ದರೆ ಆಧಾರ್ ಆ್ಯಪಿನಲ್ಲಿ ಬೆರಳಚ್ಚು ಲಾಕ್ ಮಾಡಿಸಿ. ಈಗಾಗಲೇ ಏಜೆಂಟರ ಮೂಲಕ ಟಿಕೆಟ್ ಮಾಡಿಸಿರುವವರು ನಿಮ್ಮ ಮನೆಯಲ್ಲಿದ್ದರೆ, ಅವರು ರೈಲು ಹತ್ತುವ ಮೊದಲೇ ಆ ಟಿಕೆಟ್ ತೆರೆಸಿ ರಿಜಿಸ್ಟ್ರೇಷನ್ ನಂಬರ್ ತಾಳೆ ನೋಡಿ.