ಪನಾಮಾದ ಬಲೆ, ಮಲೆನಾಡಿನ ಅಟ್ಟ: ಬಾವಲಿ ಅಧ್ಯಯನಕ್ಕೆ ಹೋದ ಎರಡು ಪ್ರವಾಸಗಳ ಹೋಲಿಕೆ

ಬಾವಲಿಗಳ ಕ್ಷೇತ್ರ ಅಧ್ಯಯನಕ್ಕೆ ಸ್ವಯಂಸೇವಕರಾಗಿ ಹೋಗುವ ಆಸೆಯಿದೆ, ಎಲ್ಲಿಗೆ ಹೋಗಲಿ ಎಂದು ಕೇಳುವವರಿಗೆ ನಾನು ಈಗ ಹಿಂದುಮುಂದು ನೋಡದೆ ಶಿರಸಿ ಸೀಮೆಯ ಹೆಸರು ಹೇಳುತ್ತೇನೆ. ಒಂದೇ ವರ್ಷದಲ್ಲಿ ಎರಡು ಕಡೆ ಹೋಗಿಬಂದ ಮೇಲೆ ಮೂಡಿದ ಅಭಿಪ್ರಾಯವಿದು. ಬೇಸಿಗೆ ರಜೆಯಲ್ಲಿ ಪನಾಮಾ ದೇಶದ ಗಂಬೋವಾ ಎಂಬಲ್ಲಿ ಹದಿನಾಲ್ಕು ದಿನ, ದಸರಾ ರಜೆಯಲ್ಲಿ ಶಿರಸಿ ಮತ್ತು ಸಿದ್ದಾಪುರದ ನಡುವಿನ ಹಳ್ಳಿಗಳಲ್ಲಿ ಒಂಬತ್ತು ದಿನ ಕಳೆದೆ. ಮೊದಲನೆಯದಕ್ಕೆ ವಿಮಾನದ ಟಿಕೆಟ್ ಮತ್ತು ಆಯೋಜಕರ ಶುಲ್ಕ ಸೇರಿ ನನ್ನ ಕೈಯಿಂದ ಸುಮಾರು 3,90,000 ರೂಪಾಯಿ ಹೋಯಿತು. ಎರಡನೆಯದಕ್ಕೆ ಬಸ್ಸು, ಊಟ, ವಸತಿ ಎಲ್ಲ ಸೇರಿ 13,500 ರೂಪಾಯಿ ಸಾಕಾಯಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಮೊದಲನೆಯ ಮೊತ್ತ ನಾಲ್ಕು ವರ್ಷಗಳ ಉಳಿತಾಯ.

ಎರಡೂ ಕಡೆ ಬಾವಲಿಯೇ ವಿಷಯವಾದರೂ ಕೆಲಸದ ರೀತಿ ಬೇರೆ, ಅದಕ್ಕೆ ಕಾರಣ ಆಯಾ ಪ್ರಾಣಿಗಳ ಸ್ವಭಾವದಲ್ಲೇ ಇದೆ. ಪನಾಮಾದ ಕಾಡಿನಲ್ಲಿ ಹಣ್ಣು, ಮಕರಂದ ಮತ್ತು ಕಪ್ಪೆಗಳನ್ನು ತಿನ್ನುವ ಎಲೆಮೂಗಿನ ಬಾವಲಿಗಳೇ ಹೆಚ್ಚು. ಅವು ಹೊರಡಿಸುವ ಶ್ರವಣಾತೀತ ಧ್ವನಿ ಬಹಳ ಮೆಲುವಾದದ್ದರಿಂದ, ಅಂಥ ಧ್ವನಿಯನ್ನು ಹಿಡಿದು ನಮ್ಮ ಕಿವಿಗೆ ಕೇಳಿಸುವ ಬ್ಯಾಟ್ ಡಿಟೆಕ್ಟರ್ ಎಂಬ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಅಲ್ಲಿ ಕಾಲುದಾರಿ ಮತ್ತು ತೊರೆಗಳಿಗೆ ಅಡ್ಡವಾಗಿ ಮಿಸ್ಟ್ ನೆಟ್ ಎಂಬ ಕೂದಲೆಳೆಯಂಥ ಬಲೆ ಕಟ್ಟಿ, ಸಿಕ್ಕಿದ್ದನ್ನು ಬಿಡಿಸಿ, ಬಟ್ಟೆಯ ಚೀಲದಲ್ಲಿ ತೂಗಿ, ಮುಂದೋಳಿನ ಉದ್ದ ಅಳೆದು, ರೆಕ್ಕೆಯ ಹಿಂದೆ ದೀಪ ಹಿಡಿದು ಬೆರಳಿನ ಕೀಲು ಗಟ್ಟಿಯಾಗಿದೆಯೋ ಇನ್ನೂ ಎಳಸಾಗಿದೆಯೋ ನೋಡಿ ವಯಸ್ಸು ಗುರುತಿಸಿ, ಮತ್ತೆ ಹಾರಲು ಬಿಡುತ್ತಾರೆ. ನಮ್ಮ ಘಟ್ಟದಲ್ಲಿ ಕೀಟ ತಿನ್ನುವ ಕುದುರೆಲಾಳದ ಬಾವಲಿಗಳು ಒಂದೇ ಸ್ಥಾಯಿಯಲ್ಲಿ ಜೋರಾಗಿ ಕೂಗುತ್ತವೆ. ಒಂದು ಜಾತಿಯದು 80 ಕಿಲೋಹರ್ಟ್ಸ್ ಆಸುಪಾಸು, ಇನ್ನೊಂದರದು 40ರ ಆಸುಪಾಸು. ಬ್ಯಾಟ್ ಡಿಟೆಕ್ಟರ್‌ನ ತಿರುಗಣೆಯನ್ನು ಆ ಅಂಕಿಗೆ ತಂದರೆ ಕತ್ತಲೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿಸುತ್ತದೆ, ಯಾವ ಪ್ರಾಣಿಯನ್ನೂ ಮುಟ್ಟದೆ ಹೆಸರು ಬರೆದುಕೊಳ್ಳಬಹುದು. ಮುಟ್ಟುವ ಕೆಲಸ ಮತ್ತು ಮುಟ್ಟದ ಕೆಲಸ ಎಂಬ ಈ ವ್ಯತ್ಯಾಸದಿಂದಲೇ ನನ್ನ ಪನಾಮಾ ಪ್ರವಾಸ ಕೆಟ್ಟಿತು.

ಅಮೆರಿಕ ಖಂಡಗಳ ಬಾವಲಿಗಳಲ್ಲಿ ರೇಬಿಸ್ ವೈರಾಣು ಇರುವುದರಿಂದ, ಅಲ್ಲಿ ಬಾವಲಿಯನ್ನು ಕೈಯಲ್ಲಿ ಹಿಡಿಯುವವರು ಕಡಿತಕ್ಕೆ ಮೊದಲೇ ಲಸಿಕೆ ಪಡೆದಿರಬೇಕು. ಇದು ನನಗೆ ಗೊತ್ತಿತ್ತು. ಆಯೋಜಕರ ಪತ್ರದಲ್ಲಿ ‘ಲಸಿಕೆ ಕಡ್ಡಾಯ’ ಎಂಬ ಒಂದು ಸಾಲು ಇತ್ತು. ಹೊರಡುವುದಕ್ಕೆ ಆರು ವಾರ ಮುಂಚೆ ನಮ್ಮೂರಿನ ಒಂದು ಆಸ್ಪತ್ರೆಗೆ ಹೋದಾಗ, ನಾಯಿ ಎಲ್ಲಿ ಕಚ್ಚಿದೆ ಎಂದು ಕೇಳಿದರು. ಕಚ್ಚಿಲ್ಲ, ಕಚ್ಚುವ ಮೊದಲೇ ಬೇಕು ಎಂದು ವಿವರಿಸಿದರೆ, ಗಾಯವಿಲ್ಲದವರಿಗೆ ಚುಚ್ಚುವ ಪದ್ಧತಿ ತಮ್ಮಲ್ಲಿಲ್ಲ ಎಂಬ ಉತ್ತರ ಬಂತು. ಇನ್ನೆರಡು ಕಡೆ ಅಲೆದು, ಹನ್ನೊಂದು ದಿನ ಕಳೆದುಕೊಂಡು, ಕೊನೆಗೆ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಮೊದಲ ಚುಚ್ಚುಮದ್ದು ಸಿಕ್ಕಿತು. ಅಲ್ಲಿಂದ 7ನೆಯ ದಿನಕ್ಕೆ ಎರಡನೆಯದು, 21ನೆಯ ದಿನಕ್ಕೆ ಮೂರನೆಯದು. ಮೂರನೆಯದನ್ನು ಹಾಕಿಸಿಕೊಂಡು ಹತ್ತು ದಿನಕ್ಕೆ ವಿಮಾನ ಹತ್ತಿದೆ. ಎಲ್ಲವೂ ಸರಿಹೋಯಿತು ಎಂದೇ ನಂಬಿದ್ದೆ.

ಗಂಬೋವಾದಲ್ಲಿ ಮೊದಲ ಸಂಜೆ ಕೈಗವಸು ಹಂಚುವಾಗ, ಲಸಿಕೆಯ ಚೀಟಿ ಸಾಲದು, ವೈರಾಣುವನ್ನು ಎದುರಿಸಲು ದೇಹ ತಯಾರಿಸುವ ಪ್ರತಿಕಾಯಗಳು ರಕ್ತದಲ್ಲಿ ಸಾಕಷ್ಟಿವೆ ಎಂಬ ಪರೀಕ್ಷಾ ವರದಿ ಬೇಕು ಎಂದರು. ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಗಳಷ್ಟಾದರೂ ಇರಬೇಕೆಂಬುದು ಅವರ ನಿಯಮ. ನನ್ನ ಬಳಿ ಆ ವರದಿ ಇರಲಿಲ್ಲ. ಅದು ಬೇಕೆಂದು ಪತ್ರದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ, ರೋಗ ತಗುಲಿ ಲಕ್ಷಣ ಕಾಣಿಸಿಕೊಂಡರೆ ಬದುಕುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅಂಥ ಕಟ್ಟುನಿಟ್ಟು ಬೇಕೇ ಬೇಕು. ಆದರೆ ಹಣ ಪಡೆಯುವಾಗ ಹೇಳಬೇಕಾದ ಮಾತನ್ನು ಕಾಡಿನ ಅಂಚಿನಲ್ಲಿ ನಿಲ್ಲಿಸಿ ಹೇಳಿದ್ದು ನನಗೆ ಇಂದಿಗೂ ಅನ್ಯಾಯವೆಂದೇ ಅನ್ನಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆ ಆಗುತ್ತದೆ ಎಂಬುದು ನನಗೆ ತಿಳಿದದ್ದು ಊರಿಗೆ ಮರಳಿದ ಮೇಲೆ.

ಹೀಗೆ ಹನ್ನೆರಡು ರಾತ್ರಿಗಳ ಕಾಲ ನಾನು ಮಡಚುವ ಮೇಜಿನ ಪಕ್ಕ ಕುಳಿತು, ಇತರರು ಕೂಗಿ ಹೇಳಿದ ಅಂಕಿಗಳನ್ನು ಹಾಳೆಯಲ್ಲಿ ತುಂಬಿದೆ. ಹತ್ತು–ಹದಿನೈದು ನಿಮಿಷಕ್ಕೊಮ್ಮೆ ಬಲೆ ನೋಡಿಬರಬೇಕು, ತಡವಾದರೆ ಪ್ರಾಣಿ ನೂಲನ್ನು ಮೈಗೆಲ್ಲ ಸುತ್ತಿಕೊಳ್ಳುತ್ತದೆ. ಆ ಸುತ್ತಿಗೂ ನನ್ನನ್ನು ಕರೆದೊಯ್ಯಲಿಲ್ಲ. ಶುಲ್ಕದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಇದರ ಮೇಲೆ ಬುದ್ಧ ಪೂರ್ಣಿಮೆ ನಮ್ಮ ಪ್ರವಾಸದ ನಟ್ಟನಡುವೆ ಬಂದಿತ್ತು. ಬೆಳದಿಂಗಳಿನಲ್ಲಿ ಹಣ್ಣು ತಿನ್ನುವ ಬಾವಲಿಗಳು ಹಾರಾಟ ಕಡಿಮೆ ಮಾಡುತ್ತವೆಂಬುದು ಆಯೋಜಕರಿಗೆ ಗೊತ್ತಿರುವ ಸಂಗತಿಯೇ. ದಿನಾಂಕ ಒಪ್ಪಿಕೊಳ್ಳುವ ಮೊದಲು ಪಂಚಾಂಗ ತೆಗೆದು ನೋಡುವುದು ಒಳ್ಳೆಯದು.

ಆದರೂ ಅಲ್ಲಿ ಕಂಡದ್ದನ್ನು ಮುಚ್ಚಿಡಲಾರೆ. ಪನಾಮಾ ಕಾಲುವೆ ಕಟ್ಟುವಾಗ ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿದ್ದರಿಂದ ಮುಳುಗದೆ ಉಳಿದ ಗುಡ್ಡದ ನೆತ್ತಿಯೇ ಬಾರೊ ಕೊಲೊರಾಡೊ ದ್ವೀಪ. ಹದಿನೈದು–ಹದಿನಾರು ಚದರ ಕಿಲೋಮೀಟರಿನ ಆ ನೆಲದಲ್ಲಿ 70ಕ್ಕೂ ಹೆಚ್ಚು ಜಾತಿಯ ಬಾವಲಿಗಳಿವೆ. ಇಡೀ ಭಾರತದಲ್ಲಿರುವುದು ಸುಮಾರು 130. ನೀರಿನ ಮೇಲಿನ ಸಣ್ಣ ಅಲೆಯಿಂದಲೇ ಮೀನನ್ನು ಗುರುತಿಸಿ ಉಗುರಿನಿಂದ ಎತ್ತಿಕೊಳ್ಳುವ ಬಾವಲಿಯನ್ನು ನಾನು ಕಾಲುವೆಯ ದಡದಲ್ಲಿ ನಿಂತು ನೋಡಿದೆ. ತಾಳೆಗರಿಯ ನರಗಳನ್ನು ಕಚ್ಚಿ ಮಡಚಿ ಗುಡಾರ ಮಾಡಿಕೊಳ್ಳುವ ಬಾವಲಿಗಳ ಗುಂಪನ್ನು ಹಗಲಿನಲ್ಲಿ ತಲೆಯೆತ್ತಿ ನೋಡಿದೆ. ಗಂಡು ಕಪ್ಪೆಯ ಕೂಗನ್ನೇ ಹಿಡಿದು ಬಂದು ಅದನ್ನು ಹೊತ್ತೊಯ್ಯುವ ಬಾವಲಿ ಒಂದು ರಾತ್ರಿ ಬಲೆಗೆ ಬಂದಿತ್ತು. ತುಟಿಯ ಸುತ್ತ ಗಂಟುಗಂಟಾಗಿ ಮೊಳೆತಿದ್ದ ಆ ಮುಖವನ್ನು ಎರಡು ಅಡಿ ದೂರದಿಂದ ಕಂಡದ್ದು ನನ್ನ ಬಾಳಿನ ಭಾಗ್ಯ.

ಮಲೆನಾಡಿನ ತಂಡ ಮೊದಲ ದೂರವಾಣಿ ಕರೆಯಲ್ಲೇ, ಸ್ವಯಂಸೇವಕರು ಯಾರೂ ಬಾವಲಿ ಮುಟ್ಟುವಂತಿಲ್ಲ, ಬಲೆ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಸಂಶೋಧಕರ ಕೆಲಸ ಎಂದು ಸ್ಪಷ್ಟವಾಗಿ ಹೇಳಿತು. ಹಾಗೆ ಹೇಳಿದ ಮೇಲೆ ಮಾಡಲು ಬೇಕಾದಷ್ಟು ಕೆಲಸವನ್ನೂ ಕೊಟ್ಟಿತು. ಹಳೆಯ ಮನೆಗಳ ಅಟ್ಟ, ಕೊಟ್ಟಿಗೆ ಮತ್ತು ಪಾಳುಬಿದ್ದ ಕಟ್ಟಡಗಳಲ್ಲಿ ದೊಡ್ಡ ಕಿವಿಯ ಬಾವಲಿಗಳು ತೂಗಾಡುತ್ತವೆ. ಅವು ರಾತ್ರಿ ಹಿಡಿದ ಮಿಡತೆ, ಪತಂಗಗಳನ್ನು ತಂಗುದಾಣಕ್ಕೆ ತಂದು ಮೈಯನ್ನು ತಿಂದು ರೆಕ್ಕೆಗಳನ್ನು ಕೆಳಗೆ ಉದುರಿಸುತ್ತವೆ. ಕೆಳಗೆ ಹಾಸಿದ ಹಾಳೆಯಿಂದ ಆ ರೆಕ್ಕೆಗಳನ್ನು ದಿನವೂ ಆರಿಸಿ, ತಾರೀಖು ಬರೆದು ಲಕೋಟೆಗೆ ಹಾಕುವುದು, ಆಮೇಲೆ ಯಾವ ಕೀಟದ ರೆಕ್ಕೆ ಎಷ್ಟೆಂದು ವಿಂಗಡಿಸುವುದು ನನ್ನ ಪಾಲಿಗೆ ಬಂತು. ಸಂಜೆ ಡಿಟೆಕ್ಟರ್ ಹಿಡಿದು ತೋಟದ ಅಂಚಿನಲ್ಲಿ, ಹೊಳೆಯ ಬದಿಯಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ಹತ್ತು ಹತ್ತು ನಿಮಿಷ ನಿಲ್ಲುತ್ತಿದ್ದೆವು. ಬೆಳಿಗ್ಗೆ ಅಡಿಕೆ ತೋಟದಲ್ಲಿ, ಬಾವಲಿ ಸಿಪ್ಪೆ ಚೀಪಿ ಉದುರಿಸಿದ ಅಡಿಕೆಗಳನ್ನು ಎಣಿಸುತ್ತಿದ್ದೆವು.

ಇನ್ನೊಂದು ಮುಖ್ಯ ಸಂಗತಿಯೆಂದರೆ ಭಾಷೆ. ಪನಾಮಾದಲ್ಲಿ ಸ್ಪ್ಯಾನಿಷ್ ಬಾರದ ನಾನು ಊರಿನ ಯಾರೊಂದಿಗೂ ಎರಡು ಮಾತು ಆಡಲಿಲ್ಲ. ಇಲ್ಲಿ ಒಬ್ಬರ ಮನೆಯ ಅಟ್ಟ ಹತ್ತಬೇಕಾದರೆ ಮೊದಲು ಜಗಲಿಯಲ್ಲಿ ಕುಳಿತು ಮಾತನಾಡಬೇಕು. ಮೊದಲ ದಿನ ಒಬ್ಬ ಹಿರಿಯರು ನಮ್ಮನ್ನು ನೋಡಿ, “ಬಾವಲಿ ಓಡ್ಸಕ್ಕೆ ಬಂದವ್ರಾ, ನೋಡಕ್ಕೆ ಬಂದವ್ರಾ?” ಎಂದು ಕೇಳಿದರು. “ನೋಡಕ್ಕೆ ಬಂದಿದ್ದೀವಿ ಅಮ್ಮಾ” ಎಂದ ಮೇಲೆಯೇ ಏಣಿ ಸಿಕ್ಕಿತು. ಆ ಗುಂಪು ಮಳೆಗಾಲದಲ್ಲಿ ಎಷ್ಟಿರುತ್ತದೆ, ಮರಿಗಳು ಯಾವಾಗ ಕಾಣುತ್ತವೆ, ಹೆಂಚು ಬದಲಿಸಿದ ವರ್ಷ ಎಲ್ಲಿಗೆ ಹೋಗಿದ್ದವು ಎಂಬುದನ್ನೆಲ್ಲ ಅವರೇ ಹೇಳಿದರು, ನಾನು ಬರೆದುಕೊಂಡೆ.

ಉಂಬಳದ ಕಾಟ ಮಲೆನಾಡಿನಲ್ಲಿ ಇದ್ದೇ ಇತ್ತು. ಊಟ ಎರಡೂ ಕಡೆ ಚೆನ್ನಾಗಿತ್ತು. ತಲೆದೀಪ ಎಲ್ಲಿಗೆ ಹೋದರೂ ಎರಡು ಬೇಕು. ಅಟ್ಟದ ದೂಳಿಗೆ ಎನ್-95 ಮುಖಗವಸನ್ನು ನಾವೇ ಒಯ್ಯುವುದು ಲೇಸು. ಪನಾಮಾದಿಂದ ಮರಳುವವರಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ; ಅದು ಜಾರಿಗೆ ಬರುವುದು ಲಸಿಕೆಯಾಗಿ ಹತ್ತು ದಿನಗಳ ಮೇಲೆ.

ನಿಧಾನವಾಗಿ ಬರೆದುಕೊಳ್ಳುವ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಅಭ್ಯಾಸವುಳ್ಳ ನನಗೆ, ನನ್ನ ಸಂಬಳಕ್ಕೆ, ನನ್ನ ರಜೆಗಳಿಗೆ ಮಲೆನಾಡಿನ ಪ್ರವಾಸವೇ ಸರಿ. ಈ ದಸರಾಕ್ಕೂ ಹೋಗುತ್ತೇನೆ. ಏಣಿ ಕೊಟ್ಟ ಆ ಅಮ್ಮ ಅಟ್ಟದ ಕೆಳಗೆ ಬಿದ್ದ ರೆಕ್ಕೆಗಳನ್ನು ಗುಡಿಸಿ ಎಸೆಯದೆ ತಿಂಗಳಿಗೊಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾರೆ, ಅವನ್ನು ವಿಂಗಡಿಸಬೇಕು. ಬಾವಲಿಯನ್ನು ಕೈಯಲ್ಲಿ ಹಿಡಿದೇ ಕಲಿಯಬೇಕೆಂಬ ಹಂಬಲವಿದ್ದು, ಹಣದ ಅನುಕೂಲವೂ ಇರುವವರು ಪನಾಮಾಕ್ಕೆ ಧಾರಾಳವಾಗಿ ಹೋಗಲಿ. ಆದರೆ ಹೊರಡುವ ದಿನದಿಂದ ಹಿಂದಕ್ಕೆ ಮೂರೂವರೆ ತಿಂಗಳು ಎಣಿಸಿ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಲಿ, ಪ್ರತಿಕಾಯ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಕೊಳ್ಳದಿರಲಿ, ಆ ವರದಿಯನ್ನು ಒಪ್ಪುತ್ತೇವೆಂದು ಆಯೋಜಕರಿಂದ ಬರಹದಲ್ಲಿ ಪಡೆದುಕೊಳ್ಳಲಿ.