ನಾಲ್ಕು ವರ್ಷದ ಕ್ಯಾಂಪಿಂಗ್ ಆ್ಯಪ್ ಬಳಕೆ: ಜಾಗ ತೋರಿಸುತ್ತೆ, ದಡ ತೋರಿಸಲ್ಲ

ಆಸ್ಟ್ರೇಲಿಯಾದ ಮರ್ರೇ ನದಿ ಬಯಲಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳ್ಕೊಂಡು ಹೋಗೋ ಮನೆಗಾಡಿ) ನಿಲ್ಲಿಸೋಕೆ ಜಾಗ ಹುಡುಕಬೇಕಾದಾಗೆಲ್ಲ ಇದೊಂದೇ ಆ್ಯಪ್ ತೆಗೆಯೋದು ನಾನು. ಮೆಲ್ಬರ್ನ್‌ನಿಂದ ನದಿ ದಡದ ಎಚುಕಾ ಊರಿಗೆ ಸುಮಾರು ಮೂರು ಗಂಟೆ ದಾರಿ. ವರ್ಷಕ್ಕೆ ನಾಲ್ಕೈದು ಸಲ ಹೋಗ್ತೀವಿ. ಡ್ರೈವಿಂಗ್ ನಮ್ಮವರದು, ಜಾಗ ಹುಡುಕೋದು ನನ್ನದು. ಸರಾಸರಿ ರಾತ್ರಿಗೆ 30 ಡಾಲರ್ ಮೀರಬಾರದು ಅಂತ ಮೊದಲಿಂದ ಇಟ್ಟುಕೊಂಡಿರೋ ಲೆಕ್ಕ. ಹಾಗಾಗಿ ಮೂರು ರಾತ್ರಿ ಕಾಡಲ್ಲಿ, ನಾಲ್ಕನೇ ರಾತ್ರಿ ದುಡ್ಡು ಕೊಟ್ಟು ಉಳಿಯೋ ಕ್ಯಾರವಾನ್ ಪಾರ್ಕಲ್ಲಿ. ಆ ಒಂದು ರಾತ್ರಿ ಬಿಸಿನೀರ ಸ್ನಾನ, ಬಟ್ಟೆ ಒಗೆಯೋದು, ಬ್ಯಾಟರಿ ಚಾರ್ಜು, ಟಾಯ್ಲೆಟ್ ಕ್ಯಾಸೆಟ್ (ಗಾಡಿಯ ಟಾಯ್ಲೆಟ್ಟಿನ ತ್ಯಾಜ್ಯ ತುಂಬೋ ಡಬ್ಬಿ) ಖಾಲಿ ಮಾಡೋದು ಎಲ್ಲ ಮುಗಿಸ್ಕೋಬೇಕು. ಆ ಡಬ್ಬಿ ಖಾಲಿ ಮಾಡೋ ಡಂಪ್ ಪಾಯಿಂಟ್ ಎಲ್ಲಿದೆ, ಪವರ್ ಇರೋ ಸೈಟ್ ಎಲ್ಲಿದೆ ಅಂತ ತೋರಿಸೋದರಲ್ಲಿ ಆ್ಯಪ್ ಒಮ್ಮೆಯೂ ಕೈಕೊಟ್ಟಿಲ್ಲ.

ನನಗೆ ತುಂಬಾ ಇಷ್ಟವಾಗೋದು ಹೊರಡೋ ಹಿಂದಿನ ರಾತ್ರಿ. ಮಕ್ಕಳು ಮಲಗಿದ ಮೇಲೆ ಟೀ ಇಟ್ಟುಕೊಂಡು ಕೂತು ಜನ ಬರೆದ ಕಾಮೆಂಟುಗಳನ್ನ ಒಂದೊಂದಾಗಿ ಓದ್ತೀನಿ. ಎಲ್ಲಿ ಮರಳಲ್ಲಿ ಚಕ್ರ ಹೂತುಹೋಗುತ್ತೆ, ಎಲ್ಲಿ ಬೆಳಗಿನ ಬಿಸಿಲು ಬೇಗ ಬೀಳುತ್ತೆ, ಯಾವ ತಿರುವಲ್ಲಿ ಉದ್ದದ ಗಾಡಿ ತಿರುಗಲ್ಲ, ಎಲ್ಲಾ ಅದರಲ್ಲಿರುತ್ತೆ. ಬೇಕಾದ್ದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟುಕೊಳ್ತೀನಿ, ಕಾಡೊಳಗೆ ಹೋದರೆ ನೆಟ್‌ವರ್ಕ್ ಸಿಗಲ್ಲ. ನೋಟ್‌ಬುಕ್ಕಲ್ಲಿ ಈಗ ಅರವತ್ತಕ್ಕೂ ಹೆಚ್ಚು ಜಾಗ ಇವೆ.

ಮೊದಲ ವರ್ಷ ಈ ಆ್ಯಪಿನ ದೋಷ ನನ್ನ ಗಮನಕ್ಕೇ ಬರಲಿಲ್ಲ. ಆಗ ಎಚುಕಾ-ಮೋಆಮಾ ಅನ್ನೋ ಎದುರುಬದರು ದಡದ ಜೋಡಿ ಊರು ಬಿಟ್ಟು ಬೇರೆಲ್ಲೂ ಹೋಗ್ತಿರಲಿಲ್ಲ. ಅಲ್ಲಿ ಊರ ಮಧ್ಯೆಯೇ ಸೇತುವೆ, 2022ರಲ್ಲಿ ಇನ್ನೊಂದೂ ಆಯ್ತು. ಈ ದಡದಿಂದ ಆ ದಡಕ್ಕೆ ಐದೇ ನಿಮಿಷ.

ಕಷ್ಟ ಗೊತ್ತಾಗಿದ್ದು ಮಥೂರಾ ಅನ್ನೋ ಊರಿನ ಹತ್ತಿರ, ನದಿ ದಡದ ಪಿಕ್ನಿಕ್ ಪಾಯಿಂಟ್ ಅನ್ನೋ ಜಾಗದಲ್ಲಿ. ಸಂಜೆ ಐದು ಗಂಟೆ, ಅಲ್ಲಿನ ಪಾರ್ಕುಗಳಲ್ಲಿ ಜಾಗ ಇಲ್ಲ. ಆ್ಯಪ್ ತೆಗೆದರೆ ಪಟ್ಟಿಯ ಮೊದಲಲ್ಲೇ ಒಂದು ಜಾಗ, ದೂರ 800 ಮೀಟರ್. ಖುಷಿಯಾಗಿ ಹೊರಟ್ವಿ. ರಸ್ತೆ ಮುಗಿದ ಕಡೆ ನದಿ. ಆ ಜಾಗ ಎದುರು ದಡದ ಬಾರ್ಮಾ ಕಾಡಲ್ಲಿ! ಅಲ್ಲಿ ಯಾರೋ ಹಾಕಿದ್ದ ಟೆಂಟ್ ಕಣ್ಣಿಗೆ ಕಾಣ್ತಿತ್ತು. "ಎಂಟುನೂರು ಮೀಟರ್ ಅಂದ್ಯಲ್ಲ?" ಅಂತ ನಮ್ಮವರು ಕೇಳಿದ್ರು. ಆ ದಡ ಮುಟ್ಟೋಕೆ ಮಥೂರಾಗೆ ವಾಪಸ್ ಬಂದು, ಕಾಬ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗಿ, ಬಾರ್ಮಾ ಸೇತುವೆ ದಾಟಿ, ಆಮೇಲೆ ಕಾಡಿನ ಮಣ್ಣುದಾರಿ. ಒಂದೂವರೆ ಗಂಟೆ ಹಿಡೀತು. ಕತ್ತಲಾಗಿತ್ತು, ಕಾಂಗರೂಗಳು ರಸ್ತೆಗೆ ಬರೋ ಹೊತ್ತು, ಹಿಂದೆ ಕ್ಯಾರವಾನ್ ಬೇರೆ. ಆ ಭಯ ನನಗೆ ಈಗಲೂ ಹೋಗಿಲ್ಲ.

ದೂರವನ್ನ ಆ್ಯಪ್ ನೇರ ಗೆರೆಯಲ್ಲಿ ಅಳೆಯುತ್ತೆ. ಬೇರೆ ಕಡೆ ಅದು ಸಣ್ಣ ತಪ್ಪು ಇರಬಹುದು, ನದಿ ಬಯಲಲ್ಲಿ ಅಲ್ಲ. ಅದರಲ್ಲೂ ಬಾರ್ಮಾ ಚೋಕ್ ಅನ್ನೋ ಈ ಭಾಗದಲ್ಲಿ ಮರ್ರೇ ತೀರಾ ಕಿರಿದು, ಹೆಜ್ಜೆಹೆಜ್ಜೆಗೂ ಸುತ್ತಿ ಹರಿಯುತ್ತೆ. ಮ್ಯಾಪಲ್ಲಿ ಎರಡು ದಡ ಒಂದಕ್ಕೊಂದು ಅಂಟಿದ ಹಾಗೇ ಕಾಣುತ್ತೆ.

ದಡ ಬದಲಾದರೆ ಇಲ್ಲಿ ರಾಜ್ಯವೇ ಬದಲಾಗುತ್ತೆ. ಉತ್ತರ ದಡ ನ್ಯೂ ಸೌತ್ ವೇಲ್ಸ್, ದಕ್ಷಿಣ ದಡ ವಿಕ್ಟೋರಿಯಾ. ಗಡಿ ಇರೋದು ದಕ್ಷಿಣ ದಡದ ಮೇಲೆ, ನದಿ ಹರಿಯೋ ಜಾಗವೆಲ್ಲ ನ್ಯೂ ಸೌತ್ ವೇಲ್ಸ್‌ದು. ವಿಕ್ಟೋರಿಯಾ ದಡದಲ್ಲಿ ಕೂತು ಗಾಳ ಹಾಕಿದರೂ ಬೇಕಾಗೋದು ನ್ಯೂ ಸೌತ್ ವೇಲ್ಸ್‌ನ ಮೀನು ಹಿಡಿಯೋ ಲೈಸೆನ್ಸ್. ಸಂಪೂರ್ಣ ಬೆಂಕಿ ನಿಷೇಧದ ದಿನಗಳನ್ನ ಎರಡು ರಾಜ್ಯಗಳೂ ಬೇರೆ ಬೇರೆಯಾಗಿ ಘೋಷಿಸ್ತವೆ. ಶಾಲೆ ರಜೆಯೂ ಎಷ್ಟೋ ಸಲ ಒಂದೇ ವಾರ ಶುರುವಾಗಲ್ಲ. ಆ್ಯಪಲ್ಲಿ ನಾಯಿ ಬಿಡ್ತಾರಾ, ಟಾಯ್ಲೆಟ್ ಇದೆಯಾ ಅಂತೆಲ್ಲ ಫಿಲ್ಟರ್ ಇದೆ. ಯಾವ ದಡ ಅಂತ ಇಲ್ಲ. ಎರಡು ಸಲ ಬರೆದು ಕೇಳಿದೆ. ಧನ್ಯವಾದ ಹೇಳಿ ಉತ್ತರ ಬಂತು, ಬದಲಾವಣೆ ಬರಲಿಲ್ಲ.

ಬಿಟ್ಟುಬಿಡೋಣ ಅಂತ ಯೋಚಿಸಿದ್ದೂ ಉಂಟು. ಬಿಡದೇ ಇರೋಕೆ ಕಾರಣ ಆ ಕಾಮೆಂಟು ಬರೆಯೋ ಜನ. 2022ರ ಅಕ್ಟೋಬರ್ ಪ್ರವಾಹದ ನಂತರ ಎಷ್ಟೋ ಜಾಗಗಳು ಆ್ಯಪಲ್ಲಿ ತೆರೆದಿವೆ ಅಂತಲೇ ಇದ್ದವು. ಎಲ್ಲಿ ದಾರಿ ಕೊಚ್ಚಿಹೋಗಿದೆ, ಎಲ್ಲಿ ಕೆಸರು ಒಣಗಿದೆ ಅಂತ ಹೇಳಿದ್ದು ಹೋಗಿ ನೋಡಿ ಬಂದವರು. ಈಗ ನಾನೂ ಪ್ರತಿ ಜಾಗಕ್ಕೆ ಬರೆಯುವಾಗ ಮೊದಲ ಸಾಲಲ್ಲೇ ಯಾವ ದಡ, ಯಾವ ಸೇತುವೆಯಿಂದ ಬರಬೇಕು ಅಂತ ಹಾಕ್ತೀನಿ. ಆ 800 ಮೀಟರ್ ಜಾಗದ ಕೆಳಗೆ ಬರೆದಿದ್ದಕ್ಕೆ ಒಂದೇ ಬೇಸಿಗೆಯಲ್ಲಿ ಹನ್ನೊಂದು ಜನ ಥ್ಯಾಂಕ್ಸ್ ಹೇಳಿದ್ದಾರೆ.

ಐದಕ್ಕೆ ಮೂರೂವರೆ ಕೊಡ್ತೀನಿ. ಮೊದಲ ಸಲ ಹೋಗೋರು ಪಿನ್ ಸಿಕ್ಕ ತಕ್ಷಣ ಹೊರಡಬೇಡಿ, ಮಾಮೂಲಿ ಮ್ಯಾಪಲ್ಲಿ ರಸ್ತೆ ದೂರ ನೋಡಿಕೊಳ್ಳಿ. ಹೋದ ಮೇಲೆ ನೆರಳು ಚೆನ್ನಾಗಿದೆ ಅಂತ ರೆಡ್ ಗಮ್ (ನೀಲಗಿರಿ ಜಾತಿಯ ದೊಡ್ಡ ಮರ) ಕೊಂಬೆ ಕೆಳಗೆ ಟೆಂಟ್ ಹಾಕಬೇಡಿ. ಗಾಳಿ ಇಲ್ಲದ ದಿನವೂ ಅದರ ಕೊಂಬೆ ಮುರಿದು ಬೀಳುತ್ತೆ.